ಗರ್ಭಿಣಿ ಪತ್ನಿ ಮತ್ತು ಪತಿಯ ಹಕ್ಕು

ಕೆಲವು ಪ್ರಶ್ನೆಗಳನ್ನು ನಾವು ವಿದ್ವಾಂಸರಲ್ಲೂ ಕೇಳುವುದಿಲ್ಲ, ವೈದ್ಯರಲ್ಲೂ ಕೇಳುವುದಿಲ್ಲ. ಪತ್ನಿ ಗರ್ಭಿಣಿಯಾಗಿರುವಾಗ ದೈಹಿಕ ಸಂಬಂಧ ಸರಿಯೇ ಎಂಬುದು ಅಂತಹ ಒಂದು ಪ್ರಶ್ನೆ. ಈ ಮೌನದಿಂದಾಗಿ ಕೆಲವರು ಒಂಬತ್ತು ತಿಂಗಳೂ ಸುಮ್ಮನೆ ಹೆದರುತ್ತಾರೆ. ಇನ್ನು ಕೆಲವರು ಪತ್ನಿಯ ಕಷ್ಟವನ್ನು ಕಾಣದೆ ತಮ್ಮ ಹಕ್ಕು ಸಾಧಿಸುತ್ತಾರೆ. ಧರ್ಮವನ್ನು ಕಲಿಯಲು ನಾಚಿಕೆಯನ್ನು ಅಡ್ಡಿಯಾಗಿಸದ ಅನ್ಸಾರಿ ಮಹಿಳೆಯರನ್ನು ಹಝ್ರತ್ ಆಯಿಶಾ(ರ) ಮೆಚ್ಚಿದ್ದರೆಂಬುದನ್ನು ನಾವು ಮರೆಯಬಾರದು.

ಋತುಸ್ರಾವದ ದಿನಗಳಲ್ಲಿ, ಉಪವಾಸದ ಹಗಲಿನಲ್ಲಿ ಮತ್ತು ಹಜ್ಜ್‌ನ ಇಹ್ರಾಮ್‌ನಲ್ಲಿ ಪವಿತ್ರ ಕುರ್‌ಆನ್ ಸಂಭೋಗವನ್ನು ನಿಷೇಧಿಸಿದೆ. ಗರ್ಭಾವಸ್ಥೆಯ ಬಗ್ಗೆ ಅಂತಹ ನಿಷೇಧವಿಲ್ಲ. ಮಗುವಿಗೆ ಹಾಲೂಡಿಸುವ ಪತ್ನಿಯೊಂದಿಗಿನ ಸಂಭೋಗವನ್ನು ನಿಷೇಧಿಸಲು ಪ್ರವಾದಿ(ಸ) ಒಮ್ಮೆ ಯೋಚಿಸಿದ್ದರು. ಆದರೆ ರೋಮನ್ನರು ಮತ್ತು ಪರ್ಶಿಯನ್ನರು ಹಾಗೆ ಮಾಡಿಯೂ ಅವರ ಮಕ್ಕಳಿಗೆ ಹಾನಿಯಾಗದಿರುವುದನ್ನು ಗಮನಿಸಿ ನಿಷೇಧಿಸಲಿಲ್ಲ. ಹಝ್ರತ್ ಜುದಾಮ ಬಿಂತ್ ವಹಬ್(ರ) ವರದಿ ಮಾಡಿದ ಈ ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿದೆ. ಹಾನಿ ಇದೆಯೋ ಇಲ್ಲವೋ ಎಂಬುದನ್ನು ಊಹೆಯಿಂದಲ್ಲ, ಅನುಭವದಿಂದ ತಿಳಿಯಬೇಕೆಂಬ ಪಾಠ ಇದರಲ್ಲಿದೆ.

ಇಂದಿನ ವೈದ್ಯಶಾಸ್ತ್ರವೂ ಆರೋಗ್ಯವಂತ ಗರ್ಭಿಣಿಗೆ ಇದರಿಂದ ಅಪಾಯವಿಲ್ಲವೆನ್ನುತ್ತದೆ. ಗರ್ಭಕೋಶದ ಬಲವಾದ ಸ್ನಾಯು ಮತ್ತು ಮಗುವಿನ ಸುತ್ತಲಿನ ನೀರು ಮಗುವನ್ನು ಕಾಪಾಡುತ್ತವೆ. ಮೊದಲ ತಿಂಗಳುಗಳ ಗರ್ಭಪಾತಗಳಿಗೆ ಹೆಚ್ಚಾಗಿ ಭ್ರೂಣದ ವರ್ಣತಂತುಗಳ ದೋಷವೇ ಕಾರಣ. ಆದ್ದರಿಂದ ಮಗು ಉಳಿಯದ ದಂಪತಿಗಳು ತಮ್ಮನ್ನೇ ಅಪರಾಧಿಗಳೆಂದು ಭಾವಿಸಬೇಕಾಗಿಲ್ಲ. ಆದರೆ ರಕ್ತಸ್ರಾವವಾದರೆ, ನೀರು ಹೋಗಿದ್ದರೆ, ಮಾಸು ಗರ್ಭಕೋಶದ ಬಾಯಿಗೆ ಅಡ್ಡವಾಗಿದ್ದರೆ, ಅವಧಿಗೆ ಮುನ್ನ ಹೆರಿಗೆಯಾಗುವ ಸೂಚನೆಯಿದ್ದರೆ ದೂರವಿರಬೇಕು. ತಡಮಾಡದೆ ವೈದ್ಯರನ್ನು ಕಾಣಬೇಕು.

ಇಷ್ಟಕ್ಕೇ ಪ್ರಶ್ನೆ ಮುಗಿಯಿತೇ? ಇಲ್ಲ. ಹಲಾಲ್ ಆದುದೆಲ್ಲವನ್ನೂ ಒತ್ತಾಯದಿಂದ ಪಡೆಯಬಹುದೆಂದು ಅರ್ಥವಲ್ಲ. ತಾಯಿ ಬಳಲಿಕೆಯ ಮೇಲೆ ಬಳಲಿಕೆಯನ್ನು ಸಹಿಸಿ ಮಗುವನ್ನು ಹೊರುತ್ತಾಳೆಂದು ಕುರ್‌ಆನ್ ನೆನಪಿಸುತ್ತದೆ. ತನಗೋ ಮಗುವಿಗೋ ತೊಂದರೆಯಾಗಬಹುದೆಂಬ ಭಯವಿದ್ದರೆ ರಮಝಾನಿನ ಕಡ್ಡಾಯ ಉಪವಾಸವನ್ನೇ ಮುಂದೂಡಲು ಅವಳಿಗೆ ರಿಯಾಯಿತಿಯಿದೆ. ಅಲ್ಲಾಹನು ತನ್ನ ಹಕ್ಕಿನಲ್ಲೇ ಅವಳಿಗೆ ವಿನಾಯಿತಿ ನೀಡಿರುವಾಗ, ಪತಿ ತನ್ನ ಹಕ್ಕಿನಲ್ಲಿ ಪಟ್ಟುಹಿಡಿಯುವುದು ಯಾವ ನ್ಯಾಯ?

ವಾಂತಿ, ಸುಸ್ತು, ಬೆನ್ನುನೋವು, ಭಯ ಇವುಗಳಿಂದ ಅವಳು 'ಇಂದು ಬೇಡ' ಎಂದರೆ ಅದು ಅವಿಧೇಯತೆಯಲ್ಲ. ಅವಳೇ ಸಾಮೀಪ್ಯ ಬಯಸಿದರೆ ಅದು ನಾಚಿಕೆಗೇಡೂ ಅಲ್ಲ. ಮುಂದಿನ ತಪಾಸಣೆಗೆ ಪತ್ನಿಯೊಬ್ಬಳನ್ನೇ ಕಳುಹಿಸಬೇಡಿ. ಜೊತೆಗೆ ಹೋಗಿ, ಈ ಪ್ರಶ್ನೆಯನ್ನು ನೀವೇ ಕೇಳಿ. ಹುಟ್ಟಲಿರುವ ಮಗುವಿಗೆ ತಂದೆ ಸಲ್ಲಿಸುವ ಮೊದಲ ಕರ್ತವ್ಯ, ಅದರ ತಾಯಿಯ ಮಾತಿಗೆ ಕಿವಿಗೊಡುವುದು.