ಮೂರನೆಯ ಕೀಲಿಕೈ

ನಮ್ಮ ಮಹಿಳಾ ಸಮಾಜದಿಂದ ಪ್ರತಿವರ್ಷ 10 ಹುಡುಗಿಯರಿಗೆ ಕಾಲೇಜು ಫೀಸಿನ ನೆರವು ಕೊಡುತ್ತೇವೆ. ಅರ್ಜಿಗಳನ್ನು ಜೋಡಿಸುವ ಕೆಲಸ ನನ್ನದು. ನಿವೃತ್ತಿಯಾದ ಮೇಲೆ ಮಗಳಿಂದ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯನ್ನು ಅಷ್ಟಿಷ್ಟು ಕಲಿತಿದ್ದೆ. ಈ ಸಲ ಅದರಲ್ಲೇ ಪ್ರಯತ್ನಿಸಿದೆ. ಆದಾಯ ಕಡಿಮೆಯಿದ್ದವರು ಮೊದಲು. ಆದಾಯ ಸಮನಾದರೆ ಅಂಕ ಹೆಚ್ಚಿದ್ದವರು. ಅದೂ ಸಮನಾದರೆ ಹೆಸರಿನ ಅಕಾರಾದಿ. 'ಹೀಗಿದ್ದರೆ, ಹಾಗಿದ್ದರೆ' ಎಂದು 20 ಸಾಲು ಬರೆದೆ.

ಮಗಳು ನೋಡಿ ನಕ್ಕಳು. "ಅಮ್ಮಾ, ಇಷ್ಟೆಲ್ಲ ಯಾಕೆ?" ಎಂದು ಅದನ್ನು ಒಂದೇ ಸಾಲಿಗೆ ಇಳಿಸಿದಳು. ಪ್ರತಿ ಅರ್ಜಿಗೂ ಆದಾಯ, ಅಂಕ, ಹೆಸರು ಎಂಬ ಮೂರು ಕೀಲಿಕೈಗಳ ಒಂದು ಗೊಂಚಲು. ಅಂಕಕ್ಕೆ ಮೈನಸ್ ಚಿಹ್ನೆ ಹಚ್ಚಿದರೆ ದೊಡ್ಡದು ಮೇಲೆ ಬರುತ್ತದೆ. ಮೊದಲನೆಯದು ಸಮನಾದರೆ ಮಾತ್ರ ಎರಡನೆಯದನ್ನು ನೋಡುವುದು. ಅದೂ ಸಮನಾದರೆ ಮಾತ್ರ ಮೂರನೆಯದು. ಪಟ್ಟಿಯನ್ನು ಮೂರು ಸಲ ಜೋಡಿಸಬೇಕಿಲ್ಲ, ಒಂದೇ ಸಲಕ್ಕೆ ಮುಗಿಯುತ್ತದೆ. ಇಸ್ತ್ರಿ ಮಾಡಿ ಮಡಿಚಿಟ್ಟ ಸೀರೆಯ ಹಾಗೆ ಚೊಕ್ಕವಾಗಿತ್ತು.

ಪಟ್ಟಿಯ ಹತ್ತನೆಯ ಮತ್ತು ಹನ್ನೊಂದನೆಯ ಹುಡುಗಿಯರಿಗೆ ಆದಾಯವೂ ಒಂದೇ, ಅಂಕವೂ ಒಂದೇ. ಒಬ್ಬಳ ಹೆಸರು 'ಅ'ದಿಂದ ಶುರು, ಅವಳು ಒಳಗೆ. ಇನ್ನೊಬ್ಬಳದು 'ಹ'ದಿಂದ, ಅವಳು ಹೊರಗೆ. ನನ್ನ ಹೆಸರೂ 'ಹ'ದಿಂದಲೇ. ಶಾಲೆಯಲ್ಲಿ ಹಾಜರಿ ಕರೆಯುವಾಗ ನಾನೇ ಕೊನೆ. ಒಮ್ಮೆ ಪುಸ್ತಕ ಹಂಚುವಾಗ ನನ್ನ ಸರದಿ ಬರುವ ಹೊತ್ತಿಗೆ ಪುಸ್ತಕವೇ ಮುಗಿದಿತ್ತು.

"ಹೆಸರನ್ನು ತೆಗೆದುಬಿಡು" ಎಂದೆ. "ತೆಗೆದರೆ ಮೊದಲು ಬಂದ ಅರ್ಜಿ ಮೇಲುಳಿಯುತ್ತದೆ" ಎಂದಳು. 2002ರಲ್ಲಿ ಟಿಮ್ ಪೀಟರ್ಸ್ ಪೈಥಾನಿಗಾಗಿ ರೂಪಿಸಿದ ವಿಂಗಡಣೆಯಲ್ಲಿ, ಸಮನಾದವರು ಬಂದ ಕ್ರಮ ಕದಲುವುದಿಲ್ಲ. ಆದರೆ ಮೊದಲು ಬಂದವಳು ಪೇಟೆಯವಳು; ತಡವಾದವಳು ದಿನಕ್ಕೆರಡೇ ಬಸ್ಸು ಬರುವ ಹಳ್ಳಿಯವಳು.

ಯಂತ್ರ ಅನ್ಯಾಯ ಮಾಡಲಿಲ್ಲ. ಸಮನಾದ ಇಬ್ಬರಲ್ಲಿ ಒಬ್ಬಳನ್ನು ಹಿಂದೆ ಹಾಕಲು ನಮಗೊಂದು ನೆಪ ಬೇಕಿತ್ತು, ಅದು ಕೊಟ್ಟಿತು ಅಷ್ಟೆ. ಮನೆಯಲ್ಲೂ ಹೀಗೇ ಅಲ್ಲವೇ? ಹಸಿವು ಎಲ್ಲರದೂ ಒಂದೇ ಆದರೂ ಬಡಿಸುವ ಸರದಿಗೆ ಯಾವುದೋ ಕೀಲಿಕೈ ಇಟ್ಟುಕೊಂಡಿದ್ದೇವೆ. ಕೊನೆಯ ಎಲೆ ಯಾರದೆಂದು ನಮಗೆಲ್ಲ ಗೊತ್ತು.

ಸಭೆಯಲ್ಲಿ ವಿಷಯ ಇಟ್ಟೆ. 10 ಜನರ ಹಣವನ್ನು 11 ಪಾಲು ಮಾಡಿದೆವು. ಮೇಲಿನವರ ಪಾಲು ಕಡಿಮೆ ಮಾಡಿದ್ದು ಸರಿಯೇ ಎಂದು ಒಬ್ಬರು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಸಮ ಎಂದು ಕಂಡವರನ್ನು ಸಮ ಎಂದೇ ನಡೆಸಿಕೊಳ್ಳಲು ಎಲ್ಲರಿಗೂ ಒಂದಿಷ್ಟು ಖರ್ಚಾಗುತ್ತದೆ ಎಂದಷ್ಟೇ ಹೇಳಿದೆ.