ಬೇಲಿಯೊಳಗಿನ ಓಟ

‘ಏನೂ ಮಾಡಲ್ಲ ಕಣ್ರೀ, ಹೆದರ್ಕೋಬೇಡಿ.’ ನಾಯಿ ಸಾಕಿದವರು ದಾರಿಯಲ್ಲಿ ಎದುರಾದವರಿಗೆ ಹೇಳುವ ಮಾತಿದು. ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ. ಅವರ ನಾಯಿ ಈವರೆಗೆ ಯಾರನ್ನೂ ಕಚ್ಚಿಲ್ಲ, ಮಗುವಿನ ಪಕ್ಕ ಮಲಗುತ್ತದೆ, ಬೆಕ್ಕಿಗೂ ಹೆದರುತ್ತದೆ. ಕೇಳಿಸಿಕೊಂಡವರಿಗೆ ಮಾತ್ರ ಅದು ಭರವಸೆಯಂತೆ ಕೇಳಿಸದು. ನನ್ನ ನಾಯಿಯ ಮೇಲೆ ನನಗಿರುವ ನಂಬಿಕೆಯನ್ನು ನೀವೂ ಇಟ್ಟುಕೊಳ್ಳಿ, ಈಗಲೇ ಇಟ್ಟುಕೊಳ್ಳಿ, ನಿಮ್ಮ ಮೀನಖಂಡವನ್ನು ಒತ್ತೆಯಿಟ್ಟು ಇಟ್ಟುಕೊಳ್ಳಿ ಎಂಬ ಬೇಡಿಕೆಯಂತೆ ಕೇಳಿಸುತ್ತದೆ. ನಾಯಿಯ ಖುಷಿಗೆ ಅಪರಿಚಿತರೊಬ್ಬರು ಭಯದಲ್ಲಿ ಬೆಲೆ ತೆರಬೇಕೆ?

ಈ ಪ್ರಶ್ನೆಗೆ ನಗರಗಳು ಕಂಡುಕೊಂಡ ಉತ್ತರ, ಬೇಲಿ ಹಾಕಿದ ಜಾಗ. ಸುತ್ತ ತಂತಿಬಲೆ, ಒಂದರ ಹಿಂದೊಂದು ಎರಡು ಗೇಟು. ಒಳಗೆ ಹೋದ ಮೇಲೆ ಚೈನು ಬಿಚ್ಚಿ ಬಿಡಬಹುದು. ಅಮೆರಿಕದ ಬರ್ಕ್ಲಿಯಲ್ಲಿ 1979ರಲ್ಲಿ ಶುರುವಾದ ಓಲೋನಿ ಪಾರ್ಕನ್ನು ಇಂಥವುಗಳಲ್ಲಿ ಮೊದಲನೆಯದೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ಹೈದರಾಬಾದಿನ ಕೊಂಡಾಪುರದಲ್ಲಿ ಪಾಲಿಕೆಯೇ 2018ರಲ್ಲಿ ಒಂದನ್ನು ಮಾಡಿತು. ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟ್ ಜಾಹೀರಾತುಗಳಲ್ಲಿ ಈಜುಕೊಳದ ಪಕ್ಕದಲ್ಲಿ ಇದರ ಹೆಸರೂ ಇರುತ್ತದೆ. ನಮ್ಮ ಭದ್ರಾವತಿಯ ನ್ಯೂ ಟೌನಿನಲ್ಲೂ ಬೆಳಗಿನ ವಾಕಿಂಗ್‌ನವರ ನಡುವೆ ಆಗಾಗ ಈ ಮಾತು ಬರುತ್ತದೆ: ‘ಇಷ್ಟೊಂದು ಜಾಗ ಹಾಳು ಬಿದ್ದಿದೆ, ಒಂದಿಷ್ಟಕ್ಕೆ ಬೇಲಿ ಹಾಕ್ಬಾರ್ದಾ?’

ಜಾಗವಿದೆ ಎಂಬುದೇನೋ ನಿಜ. 1923ರಲ್ಲಿ ಉತ್ಪಾದನೆ ಶುರು ಮಾಡಿದ ಕಬ್ಬಿಣದ ಕಾರ್ಖಾನೆಗಾಗಿ ಬೆಳೆದ ಊರಿದು. ಸಾಲು ಸಾಲು ಕ್ವಾರ್ಟರ್ಸು, ನಡುವೆ ಅಗಲ ರಸ್ತೆ, ದೊಡ್ಡ ಮರ, ಯಾರ ಹೆಸರಲ್ಲೂ ಇಲ್ಲವೇನೋ ಎನಿಸುವ ಬಯಲು. ನೌಕರರು ಕರಗುತ್ತ ಹೋದಂತೆ ಎಷ್ಟೋ ಮನೆಗಳ ಅಂಗಳದಲ್ಲಿ ಲಂಟಾನ ಎದ್ದಿದೆ. ಆ ಬಯಲಿನಲ್ಲಿ ಹುಡುಗರು ಕ್ರಿಕೆಟ್ ಆಡುತ್ತಾರೆ, ಹಸು ಮೇಯುತ್ತದೆ, ನಿವೃತ್ತರು ನಡೆಯುತ್ತಾರೆ, ಬೀದಿನಾಯಿಗಳು ಬಿಸಿಲು ಕಾಯಿಸುತ್ತವೆ. ಬೇಲಿಯ ವಿಚಾರಕ್ಕೆ ಇದೇ ಮುಖ್ಯ. ಬೆಂಗಳೂರಿನಲ್ಲಿ ಬೇಲಿ ಇಲ್ಲದ ಜಾಗವನ್ನು ಸೃಷ್ಟಿಸುತ್ತದೆ. ಇಲ್ಲಿ ಇರುವ ಜಾಗದಿಂದ ಒಂದು ತುಂಡನ್ನು ಕತ್ತರಿಸಿ ತೆಗೆಯುತ್ತದೆ.

ಹಾಗಿದ್ದರೂ ಬೇಲಿಯ ಪರವಾದ ವಾದವನ್ನು ನಾನು ಹಗುರವಾಗಿ ನೋಡಲಾರೆ. ಕ್ವಾರ್ಟರ್ಸಿನ ಹಿತ್ತಲಲ್ಲಿ, ಪೇರಲೆ ಮರಕ್ಕೆ ಕಟ್ಟಿದ ನಾಯಿಯನ್ನು ನೀವೂ ನೋಡಿರುತ್ತೀರಿ. ಚೈನು ಎಷ್ಟು ಉದ್ದವೋ ಅಷ್ಟು ದೂರದ ಅರ್ಧವೃತ್ತದಲ್ಲಿ ಹುಲ್ಲು ಸತ್ತು ನೆಲ ಬೋಳಾಗಿರುತ್ತದೆ. ಅದರ ಇಡೀ ಭೂಗೋಳ ಅಷ್ಟೇ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯುವ 1960ರ ಕಾಯ್ದೆ, ಸದಾ ಕಟ್ಟಿಹಾಕಿದ ಅಥವಾ ಕೂಡಿಹಾಕಿದ ನಾಯಿಗೆ ತಕ್ಕಷ್ಟು ವ್ಯಾಯಾಮ ಕೊಡದ ಒಡೆಯನನ್ನು ತಪ್ಪಿತಸ್ಥ ಎನ್ನುತ್ತದೆ. ಹೊಡೆಯುವುದು, ಉಪವಾಸ ಕೆಡವುವುದು ಕ್ರೌರ್ಯವೆಂದು ಯಾರಿಗೂ ಗೊತ್ತು. ಓಡಲು ಬಿಡದಿರುವುದನ್ನೂ ಅದೇ ಪಟ್ಟಿಗೆ ಸೇರಿಸಿದವರು ನಾಯಿಯನ್ನು ಸರಿಯಾಗಿ ಗಮನಿಸಿದವರೇ ಇರಬೇಕು. ಮುಧೋಳ ನಾಯಿಯನ್ನು ನೆನಪಿಸಿಕೊಳ್ಳಿ. ಆ ಉದ್ದ ಕಾಲು, ಆಳವಾದ ಎದೆ, ಒಳಸರಿದ ಹೊಟ್ಟೆ ಎಲ್ಲ ಮೊಲದ ಹಿಂದೆ ಬಯಲಲ್ಲಿ ಓಡಲೆಂದೇ ಆದವು. ಅಂಥದ್ದನ್ನು ಅಂದಕ್ಕೆಂದು ತಂದು ಗ್ರಿಲ್ಲಿನ ಹಿಂದೆ ಇಟ್ಟುಕೊಂಡವರ ಮನೆ ನಮ್ಮ ಜಿಲ್ಲೆಯಲ್ಲೂ ಇವೆ. ದಿನಕ್ಕೆ ಎರಡು ಸಲ ಚೈನು ಹಿಡಿದು ಕಂಬದಿಂದ ಕಂಬಕ್ಕೆ ನಡೆಸುವುದು ಅದಕ್ಕೆ ವ್ಯಾಯಾಮವೇ ಅಲ್ಲ. ಬೇಲಿಯೊಳಗಿನ ಅರ್ಧ ಗಂಟೆ ಅದರ ಮೈಯನ್ನು ಅದಕ್ಕೆ ಮರಳಿ ಕೊಡುತ್ತದೆ. ಆ ಅರ್ಧ ಗಂಟೆ ಹೊರಗೆ ನಡೆಯುವ ಅಜ್ಜಿಯೂ ಯಾರ ಮಾತನ್ನೂ ನಂಬಬೇಕಾಗಿಲ್ಲ. ಬೇಲಿಯ ದೊಡ್ಡ ಗುಣ ಇದು: ‘ಏನೂ ಮಾಡಲ್ಲ’ ಎಂಬ ಮಾತನ್ನೇ ಅದು ಅನಗತ್ಯ ಮಾಡುತ್ತದೆ.

ಆದರೆ ಒಳಗೆ ಹೋದ ನಾಯಿಯ ಕಣ್ಣಿಂದ ನೋಡಿದರೆ ಚಿತ್ರ ಬೇರೆ. ಬಯಲಿನಲ್ಲಿ ಎದುರಾದ ಎರಡು ನಾಯಿಗಳು ನೇರ ಮುಖಕ್ಕೆ ಮುಖ ಕೊಡುವುದಿಲ್ಲ; ಬಳಸಿ ಬರುತ್ತವೆ, ನೆಲ ಮೂಸುವ ನೆಪ ಮಾಡುತ್ತವೆ, ಬೇಡವೆನಿಸಿದರೆ ದೂರ ಸರಿಯುತ್ತವೆ. ಅವುಗಳ ಸೌಜನ್ಯಕ್ಕೆ ಜಾಗ ಬೇಕು. ನಾಲ್ಕು ಮೂಲೆಯ ಆವರಣದಲ್ಲಿ, ಗೇಟಿನ ಬಳಿ ಗುಂಪುಗೂಡಿದ ಐದು ನಾಯಿಗಳ ನಡುವೆ ಒಳಬರುವ ಆರನೆಯದಕ್ಕೆ ಸರಿಯಲು ದಾರಿಯೇ ಇಲ್ಲ. ಆಮೇಲೆ ಜಗಳವಾದರೆ ನಾವು ತಳಿಯನ್ನು ಬಯ್ಯುತ್ತೇವೆ. ಪಾರ್ವೊ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಲಸಿಕೆ ಪೂರ್ತಿಯಾಗದ ಮರಿಗೆ ಅಂಥ ಜಾಗ ಅಪಾಯ. ಉಣ್ಣೆ, ಜಂತುಹುಳುಗಳ ಮಾತು ಬೇರೆ. ಇವೆಲ್ಲ ನಿಯಮ ಬರೆದು ಸರಿಪಡಿಸಬಹುದಾದವು. ಸರಿಪಡಿಸಲಾಗದ್ದು ಮೊಬೈಲು. ಬೇಲಿ ಇದೆಯಲ್ಲ ಎಂದು ಒಡೆಯರು ಬೆಂಚಿನ ಮೇಲೆ ಕೂತು ಪರದೆ ನೋಡತೊಡಗಿದರೆ, ನಾಯಿಯನ್ನು ನೋಡುವ ಕೆಲಸ ತಂತಿಬಲೆಗೆ ಬಿತ್ತೆಂದೇ ಅರ್ಥ.

ಇಷ್ಟು ಸಾಕಿದ ನಾಯಿಯ ಮಾತಾಯಿತು. ನ್ಯೂ ಟೌನಿನಲ್ಲಿ ಚೈನಿಲ್ಲದ ನಾಯಿಗಳು ಈಗಲೇ ಬೇಕಾದಷ್ಟಿವೆ, ಅವಕ್ಕೆ ಯಾರೂ ಪಾರ್ಕು ಕೇಳುತ್ತಿಲ್ಲ. ‘ಹಾಳು ಬಿದ್ದ ಜಾಗ’ ಎಂದು ನಾವು ಕರೆಯುವುದು ಅವುಗಳ ಮನೆ. ಅಲ್ಲಿ ಬೇಲಿ ಎದ್ದರೆ, ಬೆಲ್ಟಿರುವ ನಾಯಿ ಒಳಗೆ, ಅಲ್ಲೇ ಹುಟ್ಟಿದ್ದು ಹೊರಗೆ. ಇದನ್ನು ಬರಿಯ ಭಾವುಕತೆ ಎನ್ನುವವರಿಗೆ ನಮ್ಮ ತಾಲ್ಲೂಕಿನದೇ ಒಂದು ಘಟನೆ ನೆನಪಿಸಬೇಕು. 2021ರ ಸೆಪ್ಟೆಂಬರಿನಲ್ಲಿ ಕಂಬದಾಳು ಹೊಸೂರು ಗ್ರಾಮ ಪಂಚಾಯಿತಿ ವ್ಯಾಪ್ತಿಯಲ್ಲಿ ನೂರಕ್ಕೂ ಹೆಚ್ಚು ಬೀದಿನಾಯಿಗಳನ್ನು ಕೊಂದು ಹೂತದ್ದು ಬೆಳಕಿಗೆ ಬಂದು, ಬಂಧನಗಳೂ ಆದವು. ಜಾಗ ‘ನಮ್ಮದು’ ಎಂಬ ಭಾವನೆ ಗಟ್ಟಿಯಾದಾಗ ಹೊರಗಿನವರ ಪಾಡು ಎಲ್ಲಿಗೆ ಮುಟ್ಟಬಲ್ಲುದು ಎನ್ನಲು ಬೇರೆ ಉದಾಹರಣೆ ಬೇಡ. ಆ ಊರಿನವರಿಗಿದ್ದ ಭಯವೂ ಕಲ್ಪಿತವಾಗಿರಲಾರದು. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವವರು ಇಲ್ಲವೆನ್ನುವಷ್ಟು ವಿರಳ. ಭಯ ನಿಜವಾಗಿದ್ದರೂ ಅದಕ್ಕೆ ಕೊಟ್ಟ ಉತ್ತರ ನೀಚವಾಗಿರಬಹುದು.

ಈಗ ದೇಶದ ಮುಂದಿರುವುದೂ ಬೇಲಿಯದೇ ಪ್ರಶ್ನೆ. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನ ಪೀಠವೊಂದು ದೆಹಲಿ ಸುತ್ತಲಿನ ಬೀದಿನಾಯಿಗಳನ್ನು ಹಿಡಿದು ಆಶ್ರಯತಾಣಗಳಲ್ಲಿಡಿ, ಮತ್ತೆ ಬಿಡಬೇಡಿ ಎಂದಿತು. ಹನ್ನೊಂದು ದಿನದಲ್ಲಿ ಇನ್ನೊಂದು ಪೀಠ ಅದನ್ನು ಬದಲಿಸಿತು: ಸಂತಾನಹರಣ ಮಾಡಿ, ಲಸಿಕೆ ಹಾಕಿ ಹಿಡಿದಲ್ಲೇ ಬಿಡಬೇಕು, ರೇಬೀಸ್ ತಗಲಿದವು ಮತ್ತು ಆಕ್ರಮಣಕಾರಿ ನಾಯಿಗಳನ್ನು ಬಿಟ್ಟು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಂಥ ಕಡೆಯಿಂದ ಹಿಡಿದವನ್ನು ಅಲ್ಲಿಗೆ ಮರಳಿ ಬಿಡಬಾರದೆಂಬ ಆದೇಶವೂ ಬಂತು. ಹಾಗೆ ಹಿಡಿದ ನಾಯಿಗೆ ಉಳಿಯುವುದು ತಂತಿಬಲೆಯ ಆವರಣ. ಪಾರ್ಕಿನದೂ ತಂತಿಬಲೆಯೇ. ಒಂದೇ ಅಂಗಡಿಯಿಂದ ತಂದ ಒಂದೇ ಬಲೆ ಒಂದು ನಾಯಿಗೆ ಬಿಡುಗಡೆ, ಇನ್ನೊಂದಕ್ಕೆ ಜೈಲು. ವ್ಯತ್ಯಾಸ ಬಲೆಯಲ್ಲಿಲ್ಲ. ಸಂಜೆ ಆರಕ್ಕೆ ಗೇಟು ತೆಗೆದು ‘ಬಾರೋ, ಮನೆಗೆ ಹೋಗೋಣ’ ಎನ್ನುವವರು ಒಂದಕ್ಕೆ ಇದ್ದಾರೆ, ಇನ್ನೊಂದಕ್ಕೆ ಇಲ್ಲ. ಸ್ವಾತಂತ್ರ್ಯವೆಂದು ನಾವು ಹಾಡಿ ಹೊಗಳುವುದರಲ್ಲಿ ಹೀಗೆ ಯಾರಿಗೋ ಸೇರಿರುವುದರ ಪಾಲು ಎಷ್ಟು ದೊಡ್ಡದು! (ಮನುಷ್ಯರ ವಿಷಯದಲ್ಲೂ ಹೀಗೆಯೇ ಅಲ್ಲವೆ ಎಂದು ಕೇಳಬಹುದು, ಆ ಮಾತು ಇನ್ನೊಂದು ವಾರಕ್ಕಿರಲಿ.)

ಹಾಗಾದರೆ ಬೇಲಿ ಬೇಕೋ ಬೇಡವೋ? ಬೇಕು ಎನ್ನುತ್ತೇನೆ, ಬಯಲಿನಲ್ಲಿ ಬೇಡ. ಹುಡುಗರ ವಿಕೆಟ್ಟು, ಹಸುವಿನ ಹುಲ್ಲು, ನಾಯಿಯ ಬಿಸಿಲು ಇರುವ ಜಾಗವನ್ನು ಮುಟ್ಟಬಾರದು. ಲಂಟಾನ ತುಂಬಿದ ಖಾಲಿ ಮನೆಗಳ ಎರಡು ಮೂರು ಕಾಂಪೌಂಡುಗಳನ್ನು, ಜಾಗದ ಒಡೆತನ ಇರುವವರು ಒಪ್ಪಿದರೆ, ಒಂದುಗೂಡಿಸಿದರೂ ಸಾಕಷ್ಟು ಉದ್ದದ ಓಟ ಸಿಗುತ್ತದೆ. ಒಳಗೆ ಬರುವವರಿಂದ ಶುಲ್ಕ ಪಡೆಯಲಿ, ಅದರ ಒಂದು ಭಾಗ ಹೊರಗಿನ ನಾಯಿಗಳ ಲಸಿಕೆಗೆ ಹೋಗಲಿ. ಇದನ್ನು ಗೆಳೆಯರ ಮುಂದೆ ಹೇಳಿದಾಗ ಒಬ್ಬರು, ‘ನಮ್ ನಾಯಿ ಆಡೋಕೆ ಬೀದಿನಾಯಿ ಖರ್ಚು ನಾವ್ಯಾಕ್ರೀ ಕೊಡ್ಬೇಕು?’ ಎಂದರು. ನ್ಯಾಯವಾದ ಪ್ರಶ್ನೆಯೇ. ಅವರ ನಾಯಿ ಆಗ ಚೈನು ಎಳೆಯುತ್ತ ರಸ್ತೆಯಾಚೆಯ ಕಂದು ನಾಯಿಯತ್ತ ಬಾಲ ಆಡಿಸುತ್ತಿತ್ತು.