ನೆಪವಿಲ್ಲದ ಪಯಣ

ಗೆಳತಿಯರು ನಾಲ್ವರು ಶನಿವಾರ-ಭಾನುವಾರ ಬೆಂಗಳೂರು ಸುತ್ತಲು ಹೊರಟರೆ ‘ಯಾವ ದೇವಸ್ಥಾನಕ್ಕೆ?’ ಎಂಬ ಪ್ರಶ್ನೆ ಏಳುತ್ತದೆ. ಹೆಣ್ಣಿನ ತಿರುಗಾಟಕ್ಕೆ ಹರಕೆಯೋ ಬಾಣಂತನವೋ ನೆಪವಾಗಬೇಕು, ಲಾಲ್‌ಬಾಗು ನೆಪವಲ್ಲ. 2023ರ ಜೂನ್ 11ರಂದು ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಕೊಡುವ ಶಕ್ತಿ ಯೋಜನೆ ಬಂದು ಟಿಕೆಟ್ಟಿನ ಅಡ್ಡಿ ಕಳೆಯಿತು (ಐಷಾರಾಮಿ ಬಸ್ಸು ಬಿಟ್ಟು), ನೆಪದ ಅಡ್ಡಿ ಉಳಿಯಿತು. ಅಕ್ಕಮಹಾದೇವಿ ಮನೆ ತೊರೆದು ನಡೆಯಲಿಲ್ಲವೇ ಎಂದರೆ, ಅವಳು ಹೊರಟದ್ದು ಚೆನ್ನಮಲ್ಲಿಕಾರ್ಜುನನಿಗಾಗಿ, ಮಸಾಲೆದೋಸೆಗಲ್ಲ ಎನ್ನುವವರಿದ್ದಾರೆ. ನಿಜವೇ. ಆದರೆ ಬ್ರಹ್ಮಸೂತ್ರ ಸೃಷ್ಟಿಯನ್ನೇ ಲೀಲೆ ಎನ್ನುತ್ತದೆ. ಅದರಿಂದ ಈಶ್ವರನಿಗೆ ಆಗಬೇಕಾದ್ದೇನೂ ಇಲ್ಲ. ಪ್ರಯೋಜನವಿಲ್ಲದ ಆನಂದ ದೇವರಿಗೆ ಸಲ್ಲುವುದಾದರೆ ಭಕ್ತೆಗೆ ಯಾಕೆ ಸಲ್ಲದು? ಈಶ್ವರ ಪೂರ್ಣ, ಮನುಷ್ಯರಿಗೆ ಕರ್ತವ್ಯಗಳಿವೆ ಎಂಬ ಉತ್ತರ ಗಟ್ಟಿಯಾದದ್ದೇ. ಹಾಗಾದರೆ ಗೋವಾಕ್ಕೆ ಹೊರಟ ಗಂಡಸರನ್ನೂ ಬಾಗಿಲಲ್ಲಿ ತಡೆದು ಕರ್ತವ್ಯದ ಮಾತನ್ನೇ ಕೇಳಬೇಕಿತ್ತು. ಕೇಳುವುದಿಲ್ಲ. ಅಂದಮೇಲೆ ಇಲ್ಲಿ ಕಾವಲಿರುವುದು ಕರ್ತವ್ಯಕ್ಕಲ್ಲ, ಅವಳ ಎರಡು ದಿನಗಳಿಗೆ.